‘ಹಳೇ ಫೈಲ್ ನೋಡಿ ಹಾಗೇ ಹಾಕು’

ಕಳೆದ ವರ್ಷ ಜೂನ್ 9ರ ರಾತ್ರಿ ಮಾವ ಮನೆ ತಲುಪುವಾಗ ಗಂಟೆ ಒಂದು ದಾಟಿತ್ತು. ಅವರು ಪಣಂಬೂರಿನಲ್ಲಿ ಕಂಟೇನರ್ ಟ್ರೇಲರ್ ಓಡಿಸುವವರು. ಒದ್ದೆಯಾದ ಅಂಗಿ ಬದಲಿಸುತ್ತಾ, ‘ಬಂದರಿನ ಹತ್ತಿರ ಆಂಬುಲೆನ್ಸ್‌ಗಳು ಸಾಲಾಗಿ ನಿಂತಿದ್ದವು ಮಾರಾಯ. ಹಡಗಿಗೆ ಬೆಂಕಿ ಬಿದ್ದಿದೆಯಂತೆ, ಗಾಯ ಆದವರನ್ನು ಇಲ್ಲಿಗೇ ಕರ್ಕೊಂಡು ಬಂದದ್ದು’ ಅಂದರು.

ಮರುದಿನ ಪತ್ರಿಕೆಯಲ್ಲಿ ವಿವರ ಬಂತು. ಕೊಲಂಬೊದಿಂದ ಮುಂಬೈ ಪಕ್ಕದ ನವಾ ಶೇವಾ ಬಂದರಿಗೆ ಹೊರಟಿದ್ದ ‘ವಾನ್ ಹೈ 503’ ಎಂಬ ಹಡಗಿನಲ್ಲಿ, ಕೇರಳದ ಕರಾವಳಿಯಾಚೆ ಸ್ಫೋಟವಾಗಿ ಬೆಂಕಿ ಹತ್ತಿಕೊಂಡಿತ್ತು. 22 ಸಿಬ್ಬಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ‘ಐಎನ್‌ಎಸ್ ಸೂರತ್’ ನಮ್ಮ ನವಮಂಗಳೂರು ಬಂದರಿಗೆ ತಂದಿಳಿಸಿತ್ತು. ನಾಲ್ವರು ನಾಪತ್ತೆಯಾಗಿದ್ದರು. ಆ ಹಡಗಿನಲ್ಲಿದ್ದ 157 ಕಂಟೇನರ್‌ಗಳಲ್ಲಿ ಅಪಾಯಕಾರಿ ಸರಕಿತ್ತು ಎಂದು ಪಟ್ಟಿ ಹೇಳುತ್ತಿತ್ತು. ಅದಕ್ಕೆ ಎರಡು ವಾರ ಮೊದಲಷ್ಟೇ, ಮೇ 25ರಂದು, ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತ್ತು. ಅದರಲ್ಲಿದ್ದ 640 ಕಂಟೇನರ್‌ಗಳ ಪೈಕಿ 12ರಲ್ಲಿ ಕ್ಯಾಲ್ಷಿಯಂ ಕಾರ್ಬೈಡ್. ಮಾವಿನಕಾಯಿ ಬೇಗ ಹಣ್ಣಾಗಲೆಂದು ಕೆಲವರು ಕದ್ದುಮುಚ್ಚಿ ಬಳಸುವ, ನೀರು ತಾಗಿದರೆ ಸಾಕು ಹೊತ್ತಿ ಉರಿಯುವ ಅಸಿಟಿಲಿನ್ ಅನಿಲ ಬಿಡುವ ಅದೇ ಕಾರ್ಬೈಡ್.

‘ಅಷ್ಟು ದೊಡ್ಡ ಹಡಗಿನಲ್ಲಿ ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಗೊತ್ತಿರುವುದಿಲ್ವಾ ಮಾವ?’ ಎಂದು ಕೇಳಿದೆ.

ಮಾವ ನಕ್ಕರು. ‘ಇಪ್ಪತ್ತು ವರ್ಷದಿಂದ ಪೆಟ್ಟಿಗೆ ಎಳೀತಾ ಇದ್ದೇನೆ. ಸೀಲ್ ಹಾಕಿದ ಮೇಲೆ ಒಳಗೆ ಎಂತ ಉಂಟು ಅಂತ ಯಾರಿಗೆ ಗೊತ್ತು? ಕಾಗದದಲ್ಲಿ ಎಂತ ಬರೆದಿದ್ದಾರೋ ಅದೇ ಉಂಟು ಅಂತ ಲೆಕ್ಕ.’

ಆ ಮಾತು ನನಗೆ ಪೂರ್ತಿ ಅರ್ಥವಾಗಲು ಒಂದು ಮಿನಿ ಪ್ರಾಜೆಕ್ಟ್, ಒಂದು ಇಂಟರ್ನ್‌ಶಿಪ್ ಮತ್ತು ಒಂದು ಒಳ್ಳೆಯ ಬೈಗುಳ ಬೇಕಾಯಿತು.

ನಾನು ಬಿ.ಇ. ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಗೆಳೆಯರೆಲ್ಲ ಹಾಜರಾತಿ ಆ್ಯಪ್, ಗ್ರಂಥಾಲಯದ ಆ್ಯಪ್ ಆರಿಸಿಕೊಂಡಾಗ ನಾನು ಹಡಗಿನ ಮೇಲೆ ಅಪಾಯಕಾರಿ ಕಂಟೇನರ್‌ಗಳನ್ನು ಎಲ್ಲೆಲ್ಲಿ ಇಡಬಹುದು, ಎಲ್ಲಿ ಇಡಬಾರದು ಎಂದು ತೋರಿಸುವ ಪ್ರೋಗ್ರಾಂ ಬರೆಯುತ್ತೇನೆ ಎಂದೆ. ಗೈಡ್ ಸರ್ ‘ಏನಾದರೂ ಮಾಡು, ಡೆಡ್‌ಲೈನ್ ಒಳಗೆ ಮಾಡು’ ಅಂದರು.

ಅದಕ್ಕಾಗಿ ಓದಿದಾಗ ತಿಳಿದದ್ದು: ಇಂಥ ಸರಕಿಗೆ ಜಗತ್ತಿಗೆಲ್ಲ ಒಂದೇ ನಿಯಮಾವಳಿಯಿದೆ. ಹೆಸರು ಐಎಂಡಿಜಿ ಕೋಡ್. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಇದನ್ನು 1965ರಲ್ಲಿ ಅಂಗೀಕರಿಸಿತು, 2004ರ ಜನವರಿ 1ರಿಂದ ಕಡ್ಡಾಯವಾಯಿತು. ಅಪಾಯಕಾರಿ ವಸ್ತುಗಳನ್ನೆಲ್ಲ ಅದು 9 ವರ್ಗಗಳಾಗಿ ಹಂಚುತ್ತದೆ. ಒಂದು ಸ್ಫೋಟಕ, ಎರಡು ಅನಿಲ, ಮೂರು ಹೊತ್ತಿಕೊಳ್ಳುವ ದ್ರವ, ನಾಲ್ಕು ಹೊತ್ತಿಕೊಳ್ಳುವ ಘನವಸ್ತು, ಐದು ಆಮ್ಲಜನಕ ಬಿಟ್ಟು ಬೆಂಕಿಗೆ ಬಲ ಕೊಡುವ ಆಕ್ಸಿಡೈಸರ್ ಜಾತಿ, ಆರು ವಿಷ, ಏಳು ವಿಕಿರಣ, ಎಂಟು ಕೊರೆಯುವ ಆ್ಯಸಿಡ್–ಕ್ಷಾರ, ಒಂಬತ್ತು ಉಳಿದದ್ದೆಲ್ಲ. ಹೆದ್ದಾರಿ 66ರಲ್ಲಿ ಟ್ಯಾಂಕರ್‌ಗಳ ಹಿಂದೆ ವಜ್ರದಾಕಾರದ ಬಣ್ಣದ ಚೀಟಿ ನೋಡಿರುತ್ತೀರಿ. ಅದರ ಕೆಳತುದಿಯಲ್ಲಿರುವುದು ಇದೇ ವರ್ಗದ ಸಂಖ್ಯೆ.

ಈ ನಿಯಮಾವಳಿಯ ಜೀವ ಇರುವುದು ಒಂದು ಕೋಷ್ಟಕದಲ್ಲಿ. ಯಾವ ವರ್ಗದ ಪಕ್ಕ ಯಾವ ವರ್ಗ ಇರಬಾರದು ಎಂದು ಹೇಳುವ ಕೋಷ್ಟಕ ಅದು. ಅಡ್ಡಸಾಲು ಮತ್ತು ಕಂಬಸಾಲು ಕೂಡುವಲ್ಲಿ 1ರಿಂದ 4ರವರೆಗಿನ ಒಂದು ಅಂಕಿ ಇರುತ್ತದೆ. 1 ಅಂದರೆ ‘ದೂರವಿರಲಿ’: ಕನಿಷ್ಠ 3 ಮೀಟರ್. 2 ಅಂದರೆ ‘ಬೇರೆಯಾಗಿರಲಿ’: ಡೆಕ್ ಮೇಲಾದರೆ 6 ಮೀಟರ್. 3 ಅಂದರೆ ನಡುವೆ ಒಂದು ಇಡೀ ಹೋಲ್ಡ್, ಅಂದರೆ ಹಡಗಿನ ಹೊಟ್ಟೆಯ ಒಂದು ಪೂರ್ತಿ ಕೋಣೆ ಇರಬೇಕು, ಡೆಕ್ ಮೇಲಾದರೆ 12 ಮೀಟರ್. 4 ಅಂದರೆ ಹಡಗಿನ ಉದ್ದಕ್ಕೆ ನಡುವೆ ಒಂದು ಕೋಣೆ ಬಿಟ್ಟು ಆಚೆ, ಕನಿಷ್ಠ 24 ಮೀಟರ್. ಪೆಟ್ರೋಲಿನಂಥ ದ್ರವಕ್ಕೂ ಆಕ್ಸಿಡೈಸರ್‌ಗೂ 2. ಅದೇ ದ್ರವಕ್ಕೂ ದೊಡ್ಡ ಸ್ಫೋಟಕಕ್ಕೂ 4. ಕಂಟೇನರ್ ಹಡಗುಗಳಲ್ಲಿ ಇದೇ ಅಂಕಿಗಳನ್ನು ‘ಎಷ್ಟು ಕಂಟೇನರ್ ಜಾಗ ಬಿಡಬೇಕು’ ಎಂಬ ಲೆಕ್ಕಕ್ಕೆ ಇಳಿಸಿಕೊಳ್ಳುತ್ತಾರೆ. ಕೆಲವು ಜೋಡಿಗಳನ್ನಂತೂ ನಡುವೆ ಡೆಕ್ ಇಲ್ಲದಿದ್ದರೆ ಒಂದರ ನೇರ ಮೇಲೆ ಇನ್ನೊಂದನ್ನು ಇಡುವಂತೆಯೇ ಇಲ್ಲ. ಮೇಲಿನದ್ದು ಸೋರಿದರೆ ತೊಟ್ಟಿಕ್ಕುವುದು ಕೆಳಗಿನದ್ದರ ಮೇಲೆ ತಾನೇ?

ಇದೇನೂ ರಾಕೆಟ್ ವಿಜ್ಞಾನವಲ್ಲ ಎಂದು ನಿಮಗೆ ಅನಿಸಬಹುದು. ನಿಜ, ಇದು ನಮ್ಮ ಬಚ್ಚಲುಮನೆಯ ವಿಜ್ಞಾನ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಒಂದು ಮೂಲೆಯಲ್ಲಿದ್ದರೆ ತೊಂದರೆಯಿಲ್ಲ. ಬ್ಲೀಚಿಂಗ್ ಪೌಡರ್ ಇನ್ನೊಂದು ಮೂಲೆಯಲ್ಲಿದ್ದರೂ ತೊಂದರೆಯಿಲ್ಲ. ಎರಡನ್ನೂ ಒಟ್ಟಿಗೆ ಸುರಿದರೆ ಮಾತ್ರ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ಎರಡೂ ಮನೆಗೆ ಬೇಕಾದ ವಸ್ತುಗಳೇ. ಕೂಡಿದಾಗ ಮಾತ್ರ ಜೀವ ತೆಗೆಯುತ್ತವೆ.

ಈ ಕೋಷ್ಟಕ ಯಾರೋ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ಬರೆದದ್ದಲ್ಲ, ಒಂದೊಂದು ಅಂಕಿಯ ಹಿಂದೆಯೂ ಹೆಣಗಳಿವೆ ಎಂದು ನನಗೆ ಅನಿಸಿದ್ದು 1944ರ ಮುಂಬೈ ಕಥೆ ಓದಿದಾಗ. ಆಗ ಎರಡನೇ ಮಹಾಯುದ್ಧದ ಕಾಲ. ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ಬ್ರಿಟನ್ನಿನಿಂದ ಸುಮಾರು 1,400 ಟನ್ ಸ್ಫೋಟಕ ಹೊತ್ತು ಹೊರಟಿತ್ತು. ಕರಾಚಿಯಲ್ಲಿ ಖಾಲಿಯಾದ ಜಾಗಕ್ಕೆ ಸಾವಿರಾರು ಹತ್ತಿ ಮೂಟೆ, ಎಣ್ಣೆಯ ಪೀಪಾಯಿ, ಮರಮಟ್ಟು ತುಂಬಿದರು. ಯುದ್ಧದ ಅವಸರ, ಜಾಗ ಸಿಕ್ಕಲ್ಲಿ ಸಿಕ್ಕಿದ್ದನ್ನು ತುರುಕು ಎಂಬ ಧೋರಣೆ. ಏಪ್ರಿಲ್ 14ರಂದು ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಹೋಲ್ಡ್ ಸಂಖ್ಯೆ 2ರ ಹತ್ತಿಗೆ ಬೆಂಕಿ ಹತ್ತಿತು. ಅದೇ ಹೋಲ್ಡ್‌ನಲ್ಲಿ ಸ್ಫೋಟಕವೂ ಇತ್ತು. ಸಂಜೆ ನಾಲ್ಕರ ಆಸುಪಾಸಿನಲ್ಲಿ ಅರ್ಧ ಗಂಟೆಯ ಅಂತರದಲ್ಲಿ ಎರಡು ಭಾರಿ ಸ್ಫೋಟಗಳಾದವು. 800ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ನಂದಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಅವರಲ್ಲಿದ್ದರು. ಪ್ರತಿ ವರ್ಷ ಏಪ್ರಿಲ್ 14ರಿಂದ ನಮ್ಮ ಕಾಲೇಜುಗಳಿಗೆ ಅಗ್ನಿಶಾಮಕ ದಳದವರು ಬಂದು, ಬಕೆಟ್‌ನಲ್ಲಿ ಬೆಂಕಿ ಹಚ್ಚಿ ಆರಿಸಿ ತೋರಿಸುತ್ತಾರಲ್ಲ, ಆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುವುದು ಆ 66 ಮಂದಿಯ ನೆನಪಿಗೆ. ನಾವು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಕ್ಯಾಂಟೀನಿಗೆ ಹೋಗುತ್ತೇವೆ. ಹತ್ತಿಯ ಪಕ್ಕ ಸ್ಫೋಟಕ ಇಟ್ಟದ್ದರಿಂದ ಅವರು ಸತ್ತರು ಎಂದು ನಮಗೆ ಯಾರೂ ಹೇಳಿಲ್ಲ.

ಪ್ರಾಜೆಕ್ಟ್‌ಗೆ ಬರುತ್ತೇನೆ. ಕೋಷ್ಟಕವನ್ನು ಪ್ರೋಗ್ರಾಂಗೆ ಇಳಿಸಿದೆ. ಕಂಟೇನರ್‌ಗಳ ಪಟ್ಟಿ ಕೊಟ್ಟರೆ ಹಡಗಿನ ನಕ್ಷೆಯಲ್ಲಿ ತೊಂದರೆಯಿರುವ ಜೋಡಿ ಕೆಂಪಾಗುತ್ತಿತ್ತು. ಎಲ್ಲ ಸರಿಯಿದ್ದರೆ ಹಸಿರು. ವೈವಾದಲ್ಲಿ ಎಕ್ಸ್‌ಟರ್ನಲ್ ಎಗ್ಸಾಮಿನರ್ ಒಂದೇ ಒಂದು ಪ್ರಶ್ನೆ ಕೇಳಿದರು: ‘ಈ ಪಟ್ಟಿ ನಿನಗೆ ಯಾರು ಕೊಡ್ತಾರೆ?’ ‘ಬುಕಿಂಗ್ ಡೇಟಾದಿಂದ ಬರುತ್ತೆ ಸರ್’ ಎಂದೆ. ‘ಅದು ಸುಳ್ಳಾಗಿದ್ದರೆ?’ ನಾನು ಸುಮ್ಮನೆ ನಿಂತೆ. ಅಂಕ ಚೆನ್ನಾಗಿಯೇ ಬಂತು, ಹಾಗಾಗಿ ಪ್ರಶ್ನೆಯನ್ನು ಮರೆತೆ.

ಮರೆಯಲಾಗದಂತೆ ಅದು ಮತ್ತೆ ಎದುರಾದದ್ದು ಈ ಜನವರಿಯ ಇಂಟರ್ನ್‌ಶಿಪ್‌ನಲ್ಲಿ. ರಫ್ತು ಸರಕಿನ ಕಾಗದಪತ್ರ ನೋಡಿಕೊಳ್ಳುವ ಒಂದು ಚಿಕ್ಕ ಆಫೀಸು. ಹೆಸರು ಬೇಡ. ನನ್ನ ಕೆಲಸ ಟೈಪ್ ಮಾಡುವುದು. ಕಳಿಸುವವರ ವಿಳಾಸ, ತಲುಪುವವರ ವಿಳಾಸ, ತೂಕ, ಸರಕಿನ ವಿವರಣೆ. ಮೊದಲ ದಿನವೇ ಒಬ್ಬರು ಹೇಳಿಕೊಟ್ಟ ಸೂತ್ರ: ‘ತಲೆ ಕೆಡಿಸ್ಕೊಳ್ಬೇಡ. ಹಳೇ ಫೈಲ್ ನೋಡಿ ಹಾಗೇ ಹಾಕು.’

ಎರಡನೇ ವಾರ ಒಂದು ಫೈಲ್ ಬಂತು. ನೀಲಿ ಡ್ರಮ್‌ಗಳಲ್ಲಿ ತುಂಬಿದ ಬಿಳಿ ಪುಡಿ, ಈಜುಕೊಳದ ನೀರು ಶುದ್ಧ ಮಾಡಲು. ಹಳೇ ಫೈಲ್ ತೆಗೆದೆ. ಅದರಲ್ಲಿ ‘ಕ್ಲೀನಿಂಗ್ ಪೌಡರ್, ಅಪಾಯಕಾರಿಯಲ್ಲ’ ಎಂದಿತ್ತು. ಹಾಗೇ ಹಾಕಿದೆ. ಎರಡು ನಿಮಿಷದ ಕೆಲಸ. ಆಮೇಲೆ ಚಹಾ ಕುಡಿದೆ.

ಕಾಗದಪತ್ರ ವಿಭಾಗವನ್ನು ನೋಡಿಕೊಳ್ಳುವ ಅಕ್ಕ ಒಬ್ಬರಿದ್ದರು. ಹದಿನೆಂಟು ವರ್ಷದ ಅನುಭವ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಎಲ್ಲವನ್ನೂ ಎರಡು ಸಲ ಓದುವವರು. ಸಂಜೆ ಕರೆದರು. ‘ಇದರ ಎಂಎಸ್‌ಡಿಎಸ್ ಓದಿದ್ದೀಯಾ?’

ಪ್ರತಿ ರಾಸಾಯನಿಕದ ಜೊತೆಗೂ ತಯಾರಕರು ಕೊಡಬೇಕಾದ ಸುರಕ್ಷತಾ ವಿವರದ ಹಾಳೆ ಅದು. ಒಟ್ಟು 16 ಭಾಗ. ಮೇಲ್‌ಗೆ ಲಗತ್ತಿಸಿದ್ದರು. ನಾನು ತೆರೆದೇ ಇರಲಿಲ್ಲ.

‘ಇಲ್ಲ ಅಕ್ಕ. ಹಳೇ ಫೈಲ್‌ನಲ್ಲಿ...’

‘ಹಳೇ ಫೈಲ್ ಬರೆದವನೂ ನಿನ್ನ ಹಾಗೇ ಒಬ್ಬ ಹುಡುಗ. 14ನೇ ಭಾಗ ತೆಗೆ. ಜೋರಾಗಿ ಓದು.’

ಓದಿದೆ. ಕ್ಯಾಲ್ಷಿಯಂ ಹೈಪೋಕ್ಲೋರೈಟ್. ಯುಎನ್ 2880. ವರ್ಗ 5.1, ಆಕ್ಸಿಡೈಸರ್. ಓದುತ್ತಾ ಓದುತ್ತಾ ನನ್ನ ಧ್ವನಿ ತಗ್ಗಿತು. ಏಕೆಂದರೆ ಈ ಹೆಸರು ನನಗೆ ಗೊತ್ತಿತ್ತು. ನನ್ನದೇ ಪ್ರೋಗ್ರಾಂನಲ್ಲಿ ಇದಕ್ಕೊಂದು ಸಾಲಿತ್ತು. ಬಿಸಿಯಾದರೆ ತಾನೇ ಒಡೆದು ಆಮ್ಲಜನಕ ಬಿಡುವ, ಒಡೆಯುವಾಗ ಇನ್ನಷ್ಟು ಬಿಸಿಯಾಗುವ ವಸ್ತು. ಹಾಗಾಗಿಯೇ ಇದನ್ನು ಡೆಕ್ ಮೇಲೆ ಮಾತ್ರ, ನೇರ ಬಿಸಿಲು ಬೀಳದಂತೆ, ಶಾಖದಿಂದ ದೂರ ಇಡಬೇಕು ಎಂಬ ನಿಯಮವಿದೆ. ‘ಅಪಾಯಕಾರಿಯಲ್ಲ’ ಎಂದು ಟೈಪ್ ಮಾಡಿದರೆ ಅದು ಹೋಗುವುದು ಬಟ್ಟೆ, ಬಿಸ್ಕತ್ತುಗಳ ನಡುವೆ ಹಡಗಿನ ಹೊಟ್ಟೆಗೆ. ಪಕ್ಕದಲ್ಲಿ ಬಿಸಿ ಮಾಡಿದ ಇಂಧನದ ಟ್ಯಾಂಕ್ ಇದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಆ ಪಟ್ಟಿಯನ್ನು ನನ್ನ ಪ್ರೋಗ್ರಾಂಗೆ ಕೊಟ್ಟಿದ್ದರೆ ಹಡಗು ಪೂರ್ತಿ ಹಸಿರು ತೋರಿಸುತ್ತಿತ್ತು. ಕೆಂಪು ಮಾಡುವುದನ್ನು ಕಲಿಸಿದವನೂ ನಾನೇ, ಕೆಂಪಾಗದಂತೆ ಟೈಪ್ ಮಾಡಿದವನೂ ನಾನೇ.

ಅಕ್ಕ ಸರಕಿನವರಿಗೆ ಫೋನ್ ಮಾಡಿದರು. ಆಚೆಯ ಮಾತು ನನಗೂ ಕೇಳುತ್ತಿತ್ತು: ‘ಎರಡು ಸಲ ಹೀಗೇ ಹೋಗಿದೆ ಮೇಡಂ, ಈಗೆಂತ ಹೊಸ ರಾಗ?’ ಅಪಾಯಕಾರಿ ಎಂದು ಬರೆದರೆ ಬಾಡಿಗೆ ಹೆಚ್ಚು. ಹಡಗಿನವರ ಒಪ್ಪಿಗೆಗೆ ಕಾಯಬೇಕು. ಡ್ರಮ್‌ಗಳು, ಚೀಟಿಗಳು, ತುಂಬಿಸಿದ ರೀತಿಗೆ ಸಹಿ ಮಾಡಿದ ಪ್ರಮಾಣಪತ್ರ, ಎಲ್ಲ ಸರಿಯಾಗಿರಬೇಕು. ಆ ವಾರದ ಹಡಗು ತಪ್ಪುತ್ತದೆ. ಅಕ್ಕ ಜಗ್ಗಲಿಲ್ಲ. ಆ ಗಿರಾಕಿ ಫೈಲ್ ವಾಪಸ್ ತೆಗೆದುಕೊಂಡು ಬೇರೆ ಆಫೀಸಿಗೆ ಹೋದರು. ಮಾಲೀಕರು ಅಕ್ಕನಿಗೆ ಬಯ್ಯಲಿಲ್ಲ, ಆದರೆ ಆ ದಿನ ಮಾತೂ ಆಡಲಿಲ್ಲ. ನನಗೆ ಅಕ್ಕ ಬಯ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಆದರೆ ಕೊನೆಯ ಮಾತು ಹೀಗಿತ್ತು: ‘ಹಡಗಿನಲ್ಲಿ ಇಪ್ಪತ್ತೆರಡು ಜನ ಇರ್ತಾರೆ. ಅವರಿಗೆ ಪೆಟ್ಟಿಗೆ ತೆಗೆದು ನೋಡ್ಲಿಕ್ಕೆ ಆಗುದಿಲ್ಲ. ನಿನಗೆ ಒಂದು ಪುಟ ತೆಗೆದು ನೋಡ್ಲಿಕ್ಕೆ ಎಂತ ಕಷ್ಟ?’

ಅವತ್ತು ರಾತ್ರಿ ಮಾವನ ಮಾತು ನೆನಪಾಯಿತು. ‘ಕಾಗದದಲ್ಲಿ ಬರೆದದ್ದೇ ಉಂಟು ಅಂತ ಲೆಕ್ಕ.’ ಆ ಕಾಗದ ಬರೆಯುವವರು ಯಾರು ಎಂದು ನಾನು ಯೋಚಿಸಿಯೇ ಇರಲಿಲ್ಲ. ಬರೆಯುವವರು ನಾವು. ಇಂಟರ್ನ್‌ಗಳು, ಹೊಸದಾಗಿ ಕೆಲಸಕ್ಕೆ ಸೇರಿದ ಬಿ.ಕಾಂ. ಹುಡುಗಿಯರು, ಸಂಬಳ ಕೈತಪ್ಪದಿರಲಿ ಎಂದು ತಲೆ ಆಡಿಸುವವರು.

ನನ್ನ ಅಭಿಪ್ರಾಯ ಇಷ್ಟೇ: ಹಡಗಿನ ಸುರಕ್ಷತೆಯ ಬಗ್ಗೆ ಮಾತಾಡುವಾಗ ನಾವು ಹಡಗಿನತ್ತ ನೋಡುತ್ತೇವೆ, ನೋಡಬೇಕಾದದ್ದು ಆ ಮೊದಲ ಮೇಜಿನತ್ತ. ಅಂತರ ಕಾಯುವ ಕೋಷ್ಟಕ ಎಷ್ಟೇ ಒಳ್ಳೆಯದಿರಲಿ, ಅದು ನಿಂತಿರುವುದು ಸರಕಿನ ಹೆಸರು ನಿಜ ಎಂಬ ನಂಬಿಕೆಯ ಮೇಲೆ. ಹೆಸರು ಸುಳ್ಳಾದರೆ 3 ಮೀಟರೂ ಇಲ್ಲ, 24 ಮೀಟರೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಗೆಳೆಯರೇ ಎತ್ತಿದ್ದಾರೆ.

ಮೊದಲನೆಯದು: ‘ಈಗ ಎಲ್ಲ ಸ್ಕ್ಯಾನರ್ ಇದೆ, ಎಐ ಇದೆ. ಮನುಷ್ಯ ಬರೆದದ್ದನ್ನು ಯಾಕೆ ನಂಬಬೇಕು?’ ಕಂಟೇನರ್ ಸ್ಕ್ಯಾನರ್ ಎಕ್ಸ್‌ರೇಯಲ್ಲಿ ಆಕಾರ ತೋರಿಸುತ್ತದೆ, ಸಾಂದ್ರತೆ ತೋರಿಸುತ್ತದೆ. ಡ್ರಮ್‌ನೊಳಗಿನ ಬಿಳಿ ಪುಡಿ ಅಡುಗೆ ಸೋಡವೋ ಹೈಪೋಕ್ಲೋರೈಟೋ ಎಂದು ಅದರಿಂದ ತಿಳಿಯುವುದು ಕಷ್ಟ. ಬುಕಿಂಗ್‌ನಲ್ಲಿ ಅನುಮಾನದ ಪದಗಳನ್ನು ಹುಡುಕುವ ತಂತ್ರಾಂಶಗಳು ಬಂದಿವೆ, ಬರಲಿ. ಆದರೆ ‘ಕ್ಲೀನಿಂಗ್ ಪೌಡರ್’ ಎಂಬ ಸಾಧು ಪದದ ಹಿಂದೆ ಏನಿದೆ ಎಂದು ಹೇಳುವ 14ನೇ ಭಾಗ ಇರುವುದು ನಮ್ಮ ಇನ್‌ಬಾಕ್ಸ್‌ನಲ್ಲೇ.

ಎರಡನೆಯದು: ‘ನಿಯಮ ಪಾಲಿಸಿದರೂ ಬೆಂಕಿ ಬಿದ್ದಿದೆಯಲ್ಲ?’ ಇದು ನ್ಯಾಯವಾದ ಪ್ರಶ್ನೆ. 2018ರ ಮಾರ್ಚ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ‘ಮಾರ್ಸ್ಕ್ ಹೋನಮ್’ ಹಡಗಿನ ಹೋಲ್ಡ್‌ಗೆ ಬೆಂಕಿ ಬಿದ್ದು ಐವರು ಸತ್ತರು. ಆ ಹೋಲ್ಡ್‌ನಲ್ಲಿ ಕೂಡ ನೀರು ಶುದ್ಧೀಕರಣಕ್ಕೆ ಬಳಸುವ ಇನ್ನೊಂದು ಕ್ಲೋರಿನ್ ಸಂಯುಕ್ತವಿತ್ತು. ಅಂದಿನ ನಿಯಮದ ಪ್ರಕಾರ ಅದನ್ನು ಅಲ್ಲಿಡಲು ಅಡ್ಡಿ ಇರಲಿಲ್ಲ. ತನ್ನಿಂದ ತಾನೇ ಒಡೆಯುವ ಇಂಥ ವಸ್ತುವಿಗೆ ಹೋಲ್ಡ್‌ನೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿಸಿದರೂ ಹೆಚ್ಚು ಪ್ರಯೋಜನವಿಲ್ಲ, ಹೊರಗಿನ ಗಾಳಿಯ ಹಂಗೇ ಅದಕ್ಕಿಲ್ಲ. ಆದರೆ ಆ ಘಟನೆಯ ನಂತರ ಆ ಕಂಪನಿ ತನ್ನ ಹಡಗುಗಳಲ್ಲಿ ಅಪಾಯಕಾರಿ ಸರಕನ್ನು ಸಿಬ್ಬಂದಿ ಮಲಗುವ ಜಾಗ ಮತ್ತು ಎಂಜಿನ್‌ನಿಂದ ದೂರ ಇಡುವ ಹೊಸ ಕ್ರಮ ತಂದಿತು. ನಿಯಮ ಕಲಿತದ್ದು, ತಿದ್ದಿಕೊಂಡದ್ದು ಹೇಗೆ? ಹಡಗಿನಲ್ಲಿ ಏನು ಎಲ್ಲಿತ್ತು ಎಂಬ ದಾಖಲೆ ಇದ್ದದ್ದರಿಂದ. ಹೆಸರೇ ಸುಳ್ಳಾಗಿದ್ದರೆ ಸತ್ತವರಿಂದ ನಾವು ಏನನ್ನೂ ಕಲಿಯುತ್ತಿರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಟ್ಟಿ: ‘ಸತ್ಯ ಹೇಳಿದವನಿಗೇ ನಷ್ಟ.’ ಇದನ್ನು ನಾನು ಕಣ್ಣಾರೆ ಕಂಡೆ. ಸರಿಯಾಗಿ ಬರೆದ ಆಫೀಸಿಗೆ ಗಿರಾಕಿ ಹೋದ. ಸತ್ಯ ಹೇಳಿದರೂ ಕೈ ಹಿಡಿಯುವವರಿಲ್ಲದ ಉದಾಹರಣೆ ಇನ್ನೂ ದೊಡ್ಡದಿದೆ. 2021ರ ಮೇ ತಿಂಗಳಲ್ಲಿ ‘ಎಕ್ಸ್-ಪ್ರೆಸ್ ಪರ್ಲ್’ ಹಡಗಿನಲ್ಲಿ ನೈಟ್ರಿಕ್ ಆ್ಯಸಿಡ್‌ನ ಒಂದು ಕಂಟೇನರ್ ಸೋರುತ್ತಿರುವುದು ಸಿಬ್ಬಂದಿಗೆ ಗೊತ್ತಾಯಿತು. ಕತಾರ್‌ನ ಹಮದ್ ಬಂದರಿನಲ್ಲಿ, ನಂತರ ನಮ್ಮ ಗುಜರಾತಿನ ಹಜೀರಾದಲ್ಲಿ ಅದನ್ನು ಇಳಿಸಿಕೊಳ್ಳಿ ಎಂದು ಕೇಳಿದರು. ಎರಡೂ ಕಡೆ ಆಗಲಿಲ್ಲ. ಸೋರುವ ಪೆಟ್ಟಿಗೆಯೊಂದಿಗೇ ಹಡಗು ಕೊಲಂಬೊ ತಲುಪಿತು. ಅಲ್ಲಿ ಬೆಂಕಿ ಬಿತ್ತು, ಹಡಗು ಮುಳುಗಿತು, ಟನ್‌ಗಟ್ಟಲೆ ಪ್ಲಾಸ್ಟಿಕ್ ಕಾಳು ಶ್ರೀಲಂಕಾದ ದಡಕ್ಕೆ ಬಂದು ಬಿತ್ತು, ಮೀನುಗಾರರ ಹೊಟ್ಟೆಪಾಡಿಗೆ ಕಲ್ಲು ಬಿತ್ತು. 2025ರ ಜುಲೈನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 100 ಕೋಟಿ ಡಾಲರ್ ಪರಿಹಾರ ಕೊಡಿ ಎಂದು ಹಡಗಿನವರಿಗೆ ಆದೇಶಿಸಿತು. ಒಂದು ಪೆಟ್ಟಿಗೆಯನ್ನು ಸಕಾಲದಲ್ಲಿ ಪಕ್ಕಕ್ಕೆ ಇಳಿಸಿಟ್ಟಿದ್ದರೆ?

ಹಾಗಾಗಿ ‘ಎಲ್ಲರೂ ಪ್ರಾಮಾಣಿಕರಾಗಿ’ ಎಂದು ಉಪದೇಶ ಮಾಡಿ ಮುಗಿಸಲು ನನಗೆ ಮನಸ್ಸಿಲ್ಲ. ಸುಳ್ಳು ಹೇಳುವುದು ಅಗ್ಗ, ಸತ್ಯ ಹೇಳುವುದು ದುಬಾರಿ ಆಗಿರುವವರೆಗೆ ಉಪದೇಶ ಗಾಳಿಗೆ ಹೋಗುತ್ತದೆ. ಆಗಬೇಕಾದ ನಾಲ್ಕು ಕೆಲಸ ನನಗೆ ಕಾಣುತ್ತವೆ.

ಒಂದು, ಅಪಾಯಕಾರಿ ಸರಕೆಂದು ಸರಿಯಾಗಿ ಬರೆದು ಬಂದವರ ಕೆಲಸ ಬೇಗ ಆಗಬೇಕು. ಅವರನ್ನು ಕಾಯಿಸಿ, ಅಲೆಸಿ, ಹೆದರಿಸಿದರೆ ಮುಂದಿನ ಸಲ ಅವರೂ ‘ಕ್ಲೀನಿಂಗ್ ಪೌಡರ್’ ಎಂದೇ ಬರೆಯುತ್ತಾರೆ. ಸುಳ್ಳು ಬರೆದು ಸಿಕ್ಕಿಬಿದ್ದವರಿಗೆ ಹಾಕುವ ದಂಡ ಮಾತ್ರ ಉಳಿಸಿದ ಬಾಡಿಗೆಗಿಂತ ಎಷ್ಟೋ ಪಟ್ಟು ಹೆಚ್ಚಿರಬೇಕು, ಮತ್ತು ಸಿಕ್ಕಿಬೀಳುವಷ್ಟು ತಪಾಸಣೆ ನಡೆಯಬೇಕು.

ಎರಡು, ಟೈಪ್ ಮಾಡುವವರಿಗೆ ತರಬೇತಿ ಕೊಡಬೇಕು. ಇದು ಹೊಸ ಬೇಡಿಕೆಯಲ್ಲ. ಅಪಾಯಕಾರಿ ಸರಕಿನ ಕಾಗದ ಮಾಡುವ ದಡದ ಸಿಬ್ಬಂದಿಗೂ ತರಬೇತಿ ಕಡ್ಡಾಯ ಎಂದು ಐಎಂಡಿಜಿ ಕೋಡ್ 2010ರಿಂದಲೇ ಹೇಳುತ್ತದೆ. ಹಾಗಿದ್ದೂ ನನ್ನಂಥ ಒಬ್ಬ ಇಂಟರ್ನ್‌ಗೆ ಮೊದಲ ದಿನ ಸಿಕ್ಕ ತರಬೇತಿ ಯಾವುದೆಂದು ಮೇಲೆ ಬರೆದಿದ್ದೇನೆ. ಕೆಲಸ ಹುಡುಕುತ್ತಿರುವವರು ಇದನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ನವಮಂಗಳೂರು ಬಂದರಿನ ಸುತ್ತಮುತ್ತ, ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಕಂಟೇನರ್ ಡಿಪೊದ ಆಸುಪಾಸು ಕಾಗದಪತ್ರದ ಆಫೀಸುಗಳಿವೆ. ಅಲ್ಲಿ ಈ ನಿಯಮ ಬಲ್ಲವರ ಮಾತಿಗೆ ತೂಕವಿದೆ. ನಾನು ಕಂಡ ಆಫೀಸಿನಲ್ಲಿ ಮಾಲೀಕರಿಗೇ ಇಲ್ಲ ಎನ್ನುವ ಧೈರ್ಯ ಇದ್ದದ್ದು ಅದನ್ನು ಓದಿಕೊಂಡಿದ್ದ ಅಕ್ಕನಿಗೆ ಮಾತ್ರ.

ಮೂರು, ಪ್ರತಿ ದೊಡ್ಡ ಬಂದರಿನಲ್ಲೂ ಸೋರುವ, ಬಿಸಿಯೇರುವ ಕಂಟೇನರನ್ನು ಇಳಿಸಿ ಬೇರೆಯಾಗಿ ಇಡುವ ಜಾಗ ಮತ್ತು ಜನ ಇರಬೇಕು. ‘ನಮ್ಮಲ್ಲಿ ಬೇಡ, ಮುಂದಿನ ಬಂದರಿಗೆ ಹೋಗಿ’ ಎಂದರೆ ಏನಾಗುತ್ತದೆಂದು ಕೊಲಂಬೊ ಮೀನುಗಾರರನ್ನು ಕೇಳಬೇಕು. ಆ ಸಮುದ್ರವೂ ನಮ್ಮ ಸಮುದ್ರವೂ ಬೇರೆಯಲ್ಲ. ಕಳೆದ ಜೂನ್‌ನಲ್ಲಿ ಕೇರಳದಾಚೆ ಉರಿದ ಹಡಗಿನ ಜನ ಬಂದಿಳಿದದ್ದು ನಮ್ಮ ಪಣಂಬೂರಿನಲ್ಲಿ.

ನಾಲ್ಕು, ಇದು ನಮ್ಮ ಕಾಲೇಜಿಗೇ ಸಂಬಂಧಿಸಿದ್ದು. ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿಗೆ ಹೋದೆ. ಎರಡು ವರ್ಷ ಹಿಂದೆ ನೋಡಿಯೂ ನೋಡದ ಕಪಾಟು. ಆ್ಯಸಿಡ್‌ಗಳನ್ನೆಲ್ಲ ಅಚ್ಚುಕಟ್ಟಾಗಿ ಒಂದೇ ಕಡೆ ಜೋಡಿಸಿದ್ದರು. ಅಸಿಟಿಕ್ ಆ್ಯಸಿಡ್ ಬಾಟಲಿಗೆ ತಾಗಿಕೊಂಡೇ ನೈಟ್ರಿಕ್ ಆ್ಯಸಿಡ್ ಬಾಟಲಿ. ಹೆಸರಿನಲ್ಲಿ ಇಬ್ಬರೂ ಆ್ಯಸಿಡ್. ಸ್ವಭಾವದಲ್ಲಿ ಒಂದು ಉರಿಯುವಂಥದ್ದು, ಇನ್ನೊಂದು ಉರಿಸುವಂಥದ್ದು. ಅದರ ಕೆಳಗಿನ ಅರೆಯಲ್ಲಿ ಅಸಿಟೋನ್. ಲ್ಯಾಬ್ ಅಟೆಂಡರ್ ಅಣ್ಣನಿಗೆ ಹೇಳಿದಾಗ, ‘ನಾನು ಬರುವ ಮೊದಲಿಂದಲೂ ಹೀಗೇ ಇರೋದು’ ಅಂದರು. ಅದೂ ಒಂದು ಹಳೇ ಫೈಲ್.

ಮೇಡಂ ಅನುಮತಿ ಕೊಟ್ಟರು. ಮೂವರು ಗೆಳೆಯರು ಸೇರಿ, ಕೈಗವಸು ಹಾಕಿಕೊಂಡು, ಅಟೆಂಡರ್ ಅಣ್ಣನ ಜೊತೆ ಒಂದು ಮಧ್ಯಾಹ್ನ ಕೂತು ಪ್ರತಿ ಬಾಟಲಿಯ ಸುರಕ್ಷತಾ ಹಾಳೆ ಓದಿ ಕಪಾಟು ಮರುಜೋಡಿಸಿದೆವು. ನೈಟ್ರಿಕ್ ಆ್ಯಸಿಡ್ ಈಗ ಒಂಟಿಯಾಗಿ ಒಂದು ಟ್ರೇಯಲ್ಲಿದೆ. ಮೂರು ಗಂಟೆಯ ಕೆಲಸ. ಯಾವ ಬ್ರಾಂಚಿನವರೇ ಆಗಲಿ, ಎಂಜಿನಿಯರಿಂಗ್ ಓದುವ ಪ್ರತಿಯೊಬ್ಬರಿಗೂ ಒಂದು ಲ್ಯಾಬ್ ತರಗತಿಯನ್ನು ಇದಕ್ಕೇ ಮೀಸಲಿಡಬಹುದು. ಟೈಟ್ರೇಶನ್ ಮಾಡುವುದನ್ನು ಕಲಿಸುವವರು, ಆ ಬಾಟಲಿಯನ್ನು ಯಾವುದರ ಪಕ್ಕ ಇಡಬಾರದು ಎಂದೂ ಕಲಿಸಲಿ.

ನನ್ನ ಪ್ರೋಗ್ರಾಂ ಕೂಡ ಸ್ವಲ್ಪ ಬದಲಾಗಿದೆ. ಮೊದಲು ಅದು ಸರಕಿನ ಹೆಸರು, ವರ್ಗ, ಜಾಗ ಕೇಳುತ್ತಿತ್ತು. ಈಗ ಇನ್ನೊಂದು ಅಂಕಣ ಸೇರಿಸಿದ್ದೇನೆ: ‘14ನೇ ಭಾಗ ಓದಿದವರು ಯಾರು?’ ಹೆಸರು ತುಂಬದಿದ್ದರೆ ಅದು ಹಸಿರು ತೋರಿಸುವುದಿಲ್ಲ. ಸುಳ್ಳು ಹೇಳುವವರನ್ನು ಇದು ತಡೆಯುವುದಿಲ್ಲ ಎಂದು ಗೊತ್ತು. ಆದರೆ ನನ್ನಂತೆ ಸೋಮಾರಿತನದಿಂದ ಸುಳ್ಳು ಬರೆಯುವವರನ್ನು ಒಂದು ಕ್ಷಣವಾದರೂ ನಿಲ್ಲಿಸುತ್ತದೆ.

ಆ ನೀಲಿ ಡ್ರಮ್‌ಗಳು ನನ್ನ ತಲೆಯಿಂದ ಇನ್ನೂ ಹೋಗಿಲ್ಲ. ಎರಡು ಸಲ ಅವು ತಪ್ಪು ಹೆಸರಿನಲ್ಲಿ ಸಮುದ್ರ ದಾಟಿವೆ, ಏನೂ ಆಗಿಲ್ಲ. ಏನೂ ಆಗದ್ದೇ ಅವುಗಳ ಪಾಲಿನ ಪ್ರಮಾಣಪತ್ರವಾಯಿತು. ಈಗ ಹಡಗು ಹತ್ತಿದ ಸುದ್ದಿ ಓದಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಸಮುದ್ರವಲ್ಲ, ಒಂದು ಟೇಬಲ್, ಒಂದು ಕಂಪ್ಯೂಟರ್, ಪಕ್ಕದಲ್ಲಿ ಆರುತ್ತಿರುವ ಚಹಾ.

ನಾಳೆ ನೀವೂ ಎಲ್ಲೋ ಒಂದು ಆಫೀಸಿನಲ್ಲಿ ಮೊದಲ ದಿನ ಕೂರುತ್ತೀರಿ. ಯಾರೋ ಬಂದು ಹೆಗಲು ತಟ್ಟಿ, ‘ಹಳೇ ಫೈಲ್ ನೋಡಿ ಹಾಗೇ ಹಾಕು’ ಎನ್ನುತ್ತಾರೆ. ಅವರು ಕೆಟ್ಟವರೇನಲ್ಲ, ಅವರಿಗೂ ಯಾರೋ ಹಾಗೇ ಹೇಳಿಕೊಟ್ಟಿರುತ್ತಾರೆ. ಹೂಂ ಅನ್ನಿ. ಆದರೆ ಹಾಕುವ ಮೊದಲು ಲಗತ್ತಿಸಿದ ಹಾಳೆಯನ್ನು ಒಮ್ಮೆ ತೆರೆದು ಓದಿ.